ಮರದ ಮೇಲೆ ನೇತಾಡುವ ಸರದಿ

ನನ್ನ ಹೆಂಡತಿ ನನ್ನನ್ನು ಅನುಮಾನದ ಪಿಶಾಚಿ ಅನ್ನುತ್ತಾಳೆ. ಅದರಲ್ಲಿ ಸುಳ್ಳೇನಿಲ್ಲ. ಮೈಸೂರಿನಲ್ಲಿದ್ದಾಗ ಗ್ಯಾಸ್ ಸಿಲಿಂಡರ್ ತಂದವನ ಎದುರೇ ಅದನ್ನು ಎತ್ತಿ ಅಲುಗಾಡಿಸಿ ನೋಡುತ್ತಿದ್ದೆ. ಲಂಡನ್ನಿಗೆ ಬಂದ ಮೇಲೆ ವೆಂಬ್ಲಿಯ ಈಲಿಂಗ್ ರೋಡಿಗೆ ತರಕಾರಿಗೆ ಹೋದರೆ ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಂಡವನಲ್ಲ. ನನ್ನನ್ನು ಕಂಡರೆ ಅಂಗಡಿಯವನು ಬುಟ್ಟಿಯನ್ನೇ ಆಚೆ ಸರಿಸುತ್ತಿದ್ದ. ಇಂಥವನು ಹಗ್ಗ ಕಟ್ಟಿಕೊಂಡು ಮರದಲ್ಲಿ ನೇತಾಡುವ ಕೆಲಸಕ್ಕೆ ಹೇಗೆ ಹೋದ ಎಂದು ನನ್ನನ್ನು ಬಲ್ಲವರು ಈಗಲೂ ಕೇಳುತ್ತಾರೆ.

ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಅನಸ್ತೇಷಿಯಾ ವಿಭಾಗದಲ್ಲಿ ಕೆಲಸ ಸಿಕ್ಕಿದ್ದರಿಂದ ತೊಂಬತ್ತರ ದಶಕದ ಕೊನೆಯಲ್ಲಿ ನಾವು ಲಂಡನ್ನಿನ ಎಜ್‌ವೇರ್‌ಗೆ ಬಂದೆವು. ನಾನು ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಇಲ್ಲಿ ಯಾವ ಕಾಲೇಜಿಗೆ ಹೋದರೂ ಈ ದೇಶದಲ್ಲಿ ಕಲಿಸಿದ ಅನುಭವ ಕೇಳಿದರು. ಅನುಭವ ಬರಬೇಕಾದರೆ ಯಾರಾದರೂ ಮೊದಲು ಕೆಲಸ ಕೊಡಬೇಕಲ್ಲ ಎಂದರೆ ಮುಗುಳ್ನಗುತ್ತಿದ್ದರು. ಯುಗಾದಿಗೋ ದೀಪಾವಳಿಗೋ ಕನ್ನಡದವರು ಸೇರಿದಾಗ ಯಾರಾದರೊಬ್ಬ ಡಾಕ್ಟರು, "ಮತ್ತೆ, ನೀವೇನ್ ಮಾಡ್ಕೊಂಡಿದೀರಿ?" ಎನ್ನುತ್ತಿದ್ದರು. "ನೋಡ್ತಾ ಇದೀನಿ ಸಾರ್" ಎನ್ನುತ್ತಿದ್ದೆ. ನಾನು ಅತ್ತ ತಿರುಗಿದ ಮೇಲೆ ಅವರು ಏನು ಮಾತಾಡಿಕೊಳ್ಳುತ್ತಾರೆ ಎಂಬ ಬಗ್ಗೆ ನನಗೆ ಬಲವಾದ ಗುಮಾನಿ ಇತ್ತು.

ಒಂದು ದಿನ ನಮ್ಮ ಫ್ಲ್ಯಾಟಿನ ಎದುರಿನ ಹಳೆಯ ಚೆಸ್ಟ್‌ನಟ್ ಮರವನ್ನು ಸವರಲು ಮೂವರು ಬಂದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಇವರು ಒಳ್ಳೆಯ ಕೊಂಬೆ ಕತ್ತರಿಸಿ ಕೊಳೆತದ್ದನ್ನು ಉಳಿಸುತ್ತಿದ್ದಾರೆ ಅನ್ನಿಸಿತು. ಇಳಿದು ಹೋಗಿ ಹೇಳಿಯೂ ಬಿಟ್ಟೆ. ಅವರ ಮಾಲೀಕ ಅರವತ್ತರ ಆಸುಪಾಸಿನ, ಒಂದು ಕಾಲು ಎಳೆದು ನಡೆಯುವ ಇಂಗ್ಲಿಷರವನು. ಮೇಲೆ ನೋಡಿ, ಆಮೇಲೆ ನನ್ನನ್ನು ನೋಡಿ, "ಅಷ್ಟೆಲ್ಲ ಗೊತ್ತಿದ್ರೆ ನಾಳೆ ಬಂದು ಕೊಂಬೆ ಎಳಿ" ಅಂದ. ತಮಾಷೆಗೆ ಅಂದನೋ ಏನೋ, ನಾನು ಮಾರನೆಯ ದಿನವೇ ಹೋದೆ.

ಹೀಗೆ ನಾನು ಮರದ ಕೆಳಗೆ ನಿಂತು ದುಡಿಯುವ ನೆಲದಾಳಾದೆ. ಮೇಲಿನವನು ಕತ್ತರಿಸಿ ಇಳಿಸಿದ ಕೊಂಬೆಯನ್ನು ಎಳೆದು ಪುಡಿ ಮಾಡುವ ಯಂತ್ರಕ್ಕೆ ತಳ್ಳುವುದು, ಬೀದಿ ಗುಡಿಸುವುದು. ಕರೆದ ದಿನ ಕೆಲಸ, ಕರೆಯದ ದಿನ ಮನೆ. ನನ್ನ ಜೊತೆ ಇನ್ನೊಬ್ಬ ನೆಲದಾಳಿದ್ದ. ಪೂರ್ವ ಲಂಡನ್ನಿನವನು, ಮೊದಲು ಬಸ್ ಓಡಿಸುತ್ತಿದ್ದವನು, ಮಾತು ಕಡಿಮೆ. ವರ್ಷ ಕಳೆಯುವಷ್ಟರಲ್ಲಿ ಮರ ಹತ್ತುತ್ತಿದ್ದವನು ಆಸ್ಟ್ರೇಲಿಯಾಕ್ಕೆ ಹೊರಟು ನಿಂತ. ಮಾಲೀಕ ನಮ್ಮಿಬ್ಬರನ್ನೂ ವ್ಯಾನಿನ ಹಿಂದೆ ಕರೆದು, "ನನಗೆ ಹತ್ತೋನು ಒಬ್ಬ ಸಾಕು. ಇಬ್ಬರೂ ಹೋಗಿ ಸರ್ಟಿಫಿಕೇಟ್ ತಗೊಂಡ್ ಬನ್ನಿ, ನೋಡೋಣ" ಅಂದ. ನನಗೆ ಆ ಕೆಲಸ ಬೇಕೇ ಬೇಕಿತ್ತು. ಯಾರಾದರೂ ಕೇಳಿದರೆ ತಲೆಯೆತ್ತಿ ಹೇಳಿಕೊಳ್ಳಲು ನನಗೂ ಒಂದು ಕೆಲಸ ಇರಬೇಕಿತ್ತು.

ತರಬೇತಿ ಲಂಡನ್ನಿನ ಉತ್ತರದ ಅಂಚಿನಲ್ಲಿದ್ದ ಒಂದು ಕಾಲೇಜಿನಲ್ಲಿ. ಮೊದಲು ಗರಗಸ ಬಿಚ್ಚಿ ಜೋಡಿಸುವುದು, ನೆಲದ ಮೇಲೆ ಕೊಯ್ಯುವುದು, ಆಮೇಲೆ ಹತ್ತುವುದು. ನಾವು ಹಗ್ಗಕ್ಕೆ ಹಾಕಿಕೊಳ್ಳುತ್ತಿದ್ದ ಗಂಟು ಭಾರ ಬಿದ್ದರೆ ಬಿಗಿಯುತ್ತದೆ, ಬೆರಳಿನಿಂದ ಒತ್ತಿದರೆ ಜಾರುತ್ತದೆ. ಜೀವ ಇರುವುದು ಆ ಗಂಟಿನಲ್ಲಿ. ಹತ್ತುವುದು ನನಗೆ ಬೇಗ ಒಗ್ಗಿತು. ಮರವನ್ನು ನಂಬಬೇಡಿ, ತಟ್ಟಿ ನೋಡಿ, ಜಗ್ಗಿ ನೋಡಿ ಎಂದು ಮಾಸ್ತರು ದಿನವೂ ಹೇಳುತ್ತಿದ್ದರು. ನನಗೆ ಅದನ್ನು ಹೇಳಿಕೊಡಬೇಕಾಗಿಯೇ ಇರಲಿಲ್ಲ.

ತೊಂದರೆ ಇದ್ದದ್ದು ಕೊನೆಯ ಪರೀಕ್ಷೆಯಲ್ಲಿ. ಮರದ ಮೇಲೆ ಗಾಯಗೊಂಡವನನ್ನು ಹತ್ತಿ ಹೋಗಿ ಇಳಿಸಿ ತರಬೇಕು. ಇಬ್ಬಿಬ್ಬರ ಜೋಡಿ, ಒಬ್ಬ ಪ್ರಜ್ಞೆ ತಪ್ಪಿದವನಂತೆ ಹಗ್ಗದಲ್ಲಿ ನೇತಾಡಬೇಕು, ಇನ್ನೊಬ್ಬ ಅವನನ್ನು ತನಗೆ ಸಿಕ್ಕಿಸಿಕೊಂಡು ಅವನ ಗಂಟನ್ನೂ ತಾನೇ ಒತ್ತುತ್ತ ಇಬ್ಬರನ್ನೂ ಇಳಿಸಬೇಕು. ಆಮೇಲೆ ಸರದಿ ಬದಲು. ಒಬ್ಬನೇ ಮಾಲೀಕನ ಕಡೆಯಿಂದ ಬಂದವರು ಎಂದು ನನ್ನನ್ನೂ ಬಸ್ಸಿನವನನ್ನೂ ಜೋಡಿ ಮಾಡಿದರು. ಕೆಲಸ ಒಂದು, ಆಸೆಪಟ್ಟವರು ಇಬ್ಬರು, ನನ್ನ ಗಂಟು ಅವನ ಬೆರಳಲ್ಲಿ. ನೀವೇ ಹೇಳಿ, ಇದರಲ್ಲಿ ಅನುಮಾನ ಪಡದವನು ಯಾರು?

ಅವನ ನಡವಳಿಕೆಯೂ ಹಾಗೇ ಇತ್ತು. ಬೆಳಿಗ್ಗೆ ನಾನು ಹತ್ತುವ ಮೊದಲು ಹತ್ತಿರ ಬಂದು ನನ್ನ ಗಂಟನ್ನು ಮುಟ್ಟಿ, ಒಮ್ಮೆ ಜಗ್ಗಿ ಹೋಗಿಬಿಡುತ್ತಿದ್ದ. ನನಗೆ ಕಟ್ಟಲು ಬರುವುದಿಲ್ಲ ಎಂದೇ? ಅಥವಾ ಬೇರೇನಾದರೂ ಮಾಡುತ್ತಿದ್ದನೇ? ಒಂದು ಮಧ್ಯಾಹ್ನ ಊಟ ಮುಗಿಸಿ ಬಂದಾಗ ಅವನು ನನ್ನ ಹಗ್ಗದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದು ಹೋದ. ನಾನು ಅವನ ಎದುರಿಗೇ ಗಂಟನ್ನು ಪೂರ್ತಿ ಬಿಚ್ಚಿ, ಹಗ್ಗವನ್ನು ಉದ್ದಕ್ಕೂ ಸವರಿ ನೋಡಿ, ಹೊಸದಾಗಿ ಕಟ್ಟಿದೆ. ಅವನು ಅದನ್ನು ನೋಡುತ್ತ ನಿಂತಿದ್ದ.

ಅಭ್ಯಾಸದಲ್ಲಿ ನಾನು ನೇತಾಡುವಾಗಲೆಲ್ಲ ನನ್ನ ಕೈ ತಾನಾಗಿ ಗಂಟಿಗೆ ಹೋಗುತ್ತಿತ್ತು. "ಪ್ರಜ್ಞೆ ಇಲ್ಲದವನು ಹಿಡ್ಕೊಳ್ಳಲ್ಲ" ಎಂದು ಮಾಸ್ತರು ಕೆಳಗಿನಿಂದ ಕೂಗುತ್ತಿದ್ದರು. ಪರೀಕ್ಷೆಯ ಹಿಂದಿನ ಸಂಜೆ ಹೆಂಡತಿ ಒಗ್ಗರಣೆ ಹಾಕುತ್ತಿದ್ದಾಗ ಕೇಳಿದೆ:

"ಅಲ್ಲ ಕಣೇ, ನೀನು ಸೂಜಿ ಚುಚ್ಚುವಾಗ ಜನ ಹೇಗೆ ನಿನ್ನನ್ನ ನಂಬಿ ಮಲಗ್ತಾರೆ?"

"ಯಾರು ನಂಬ್ತಾರೆ ರೀ? ಎಲ್ಲಾರೂ ಹೆದರಿಕೊಂಡೇ ಮಲಗೋದು. ನಾನೂ ಅಷ್ಟೇ, ಅವರು ಏಳೋವರೆಗೂ ಒಂದು ಮಿಷನ್ನನ್ನೂ ನಂಬಲ್ಲ. ನಂಬಿ ಕೂತ್ರೆ ಕೆಲಸ ಕೆಟ್ಟ ಹಾಗೇ."

ಅವಳು ಸಮಾಧಾನ ಹೇಳಿದಳೋ ಹೆದರಿಸಿದಳೋ ನನಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಮೊದಲು ನೇತಾಡುವ ಸರದಿ ನನ್ನದಾಯಿತು. ದೊಡ್ಡ ಓಕ್ ಮರ. ಪರೀಕ್ಷಕರು ಬೇರೆ ಕಡೆಯಿಂದ ಬಂದವರು, ಕೆಳಗೆ ಗಡಿಯಾರ ಹಿಡಿದು ನಿಂತಿದ್ದರು. ಮೇಲೆ ನಾನು ಕತ್ತು ವಾಲಿಸಿ, ಕೈ ಇಳಿಬಿಟ್ಟು ಕಾಯುತ್ತಿದ್ದೆ. ಬಸ್ಸಿನವನು ಏದುಸಿರು ಬಿಡುತ್ತ ಹತ್ತಿ ಬಂದ, ನನ್ನನ್ನು ತನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ. ಅವನ ಬೆರಳು ನನ್ನ ಗಂಟಿನ ಮೇಲೆ ಬಂದದ್ದೇ ತಡ, ನನ್ನ ಎರಡೂ ಕೈ ಮೇಲೆ ಹೋಗಿ ಹಗ್ಗವನ್ನು ಬಿಗಿಯಾಗಿ ಹಿಡಿದವು. ಅವನು ಒತ್ತಿದ, ಗಂಟು ಜಾರಲಿಲ್ಲ. ಮತ್ತೆ ಒತ್ತಿದ.

"ಬೇಕಂತಲೇ ಹಿಡ್ಕೊಂಡಿದೀಯಾ?" ಅವನು ಕಿವಿಯ ಹತ್ತಿರ ಕೇಳಿದ. "ನಾನು ಫೇಲ್ ಆಗ್ಲಿ ಅಂತ?"

ನನಗೆ ಮೈ ಉರಿದುಹೋಯಿತು. ಇಷ್ಟು ದಿನ ಅವನ ಮೇಲೆ ನಾನು ಪಟ್ಟ ಅನುಮಾನವನ್ನು ಅವನು ನನ್ನ ಮೇಲೆ ಪಡುತ್ತಿದ್ದಾನೆ! "ದಿನಾ ನನ್ನ ಗಂಟು ಕೆದಕ್ತಿದ್ದೋನು ನೀನು" ಅಂದೆ.

"ಕೆದಕದೆ? ಮಧ್ಯಾಹ್ನ ನಾನು ನಿನ್ನ ಕೈಲಿ ನೇತಾಡ್ಬೇಕು. ನಿನಗೆ ಗಂಟು ಕಟ್ಟೋಕೆ ಬರುತ್ತೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನಿನ್ನ ಕಂಡ್ರೆ ಭಯ ನನಗೆ."

ಅವನು ನನ್ನನ್ನು ಇಳಿಸುತ್ತೇನೆ ಎಂದೋ, ಹೆದರಬೇಡ ಎಂದೋ ಹೇಳಿದ್ದರೆ ನಾನು ಖಂಡಿತ ಕೈ ತೆಗೆಯುತ್ತಿರಲಿಲ್ಲ. ಅಂಥ ಮಾತಿನ ಹಿಂದೆ ಏನಿದೆ ಎಂದು ಹುಡುಕುತ್ತಿದ್ದೆ. ಆದರೆ ಭಯ ಎಂದವನ ಮುಖದಲ್ಲಿ ಬೆವರಿತ್ತು, ಮಾತಾಡುತ್ತಲೇ ತನ್ನ ಗಂಟನ್ನೂ ಒಮ್ಮೆ ಜಗ್ಗಿ ನೋಡಿಕೊಂಡ. ಈ ಮನುಷ್ಯ ನನ್ನಷ್ಟೇ ಹುಷಾರಿನವನು ಎಂದು ನನಗೆ ಆಗ ಖಾತ್ರಿಯಾಯಿತು. ಕೈ ಇಳಿಬಿಟ್ಟೆ. ನಾವು ನಿಧಾನವಾಗಿ ಎಲೆಗಳ ನಡುವೆ ಇಳಿದೆವು. ಸಮಯ ಮುಗಿಯಲು ಸ್ವಲ್ಪವೇ ಉಳಿದಿತ್ತು.

ಮಧ್ಯಾಹ್ನ ನಾನು ಅವನನ್ನು ಇಳಿಸಿದೆ. ಅವನು ಕೈಯೇನೋ ಇಳಿಬಿಟ್ಟಿದ್ದ, ಆದರೆ ಅರೆಮುಚ್ಚಿದ ಕಣ್ಣು ನನ್ನ ಬೆರಳನ್ನು ಬಿಟ್ಟು ಕದಲಲಿಲ್ಲ. ಇಬ್ಬರೂ ಪಾಸಾದೆವು.

ಮಾಲೀಕ ನನ್ನನ್ನು ಆರಿಸಿದ. ಕೆಲಸ ಕೊಡುವ ಮನೆಯವರ ಜೊತೆ ಮಾತಾಡಲು ನೀನೇ ಸರಿ ಅಂದ. ಸಂತೋಷದಿಂದ ಎದೆ ತುಂಬಿತು, ಆದರೆ ಹುಟ್ಟುಗುಣ ಬಿಡಬೇಕಲ್ಲ. "ನಾನು ಮೇಲೆ ಹೋಗಿ ಏನಾದ್ರೂ ಆದ್ರೆ ನನ್ನನ್ನ ಇಳಿಸೋರು ಯಾರು?" ಎಂದು ಕೇಳಿದೆ.

"ನಾನಿದೀನಲ್ಲ" ಅಂದ.

ನಾನು ಅವನ ಕಾಲನ್ನು ನೋಡಿದೆ. ಅವನಿಗೆ ಅದು ಹಿಡಿಸಲಿಲ್ಲ. "ಬಸ್ಸಿನವನನ್ನೂ ಇಟ್ಕೊಳ್ಳಿ, ಇಲ್ಲದಿದ್ರೆ ನಾನು ಹತ್ತೋದಿಲ್ಲ" ಅಂದುಬಿಟ್ಟೆ.

"ಅಷ್ಟೊಂದು ನಂಬಿಕೆಯಾ ಅವನ ಮೇಲೆ?"

"ಇಲ್ಲ" ಅಂದೆ. ಮಾಲೀಕ ವ್ಯಾನಿನ ಬಾಗಿಲು ಬಡಿದು ಹೊರಟುಹೋದ.

ಮನೆಗೆ ಬರುವಾಗ ಟ್ಯೂಬ್ ರೈಲಿನಲ್ಲಿ ನನ್ನನ್ನು ನಾನೇ ಬೈದುಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಕೊಂಡೆನಲ್ಲ ಎಂದು ದುಃಖವಾಯಿತು. ಕೆಲವು ದಿನ ಫೋನ್ ಬರಲಿಲ್ಲ. ಕೊನೆಗೆ ಬಂತು: ಇಬ್ಬರೂ ಬನ್ನಿ, ಆದರೆ ಇಬ್ಬರಿಗೂ ಕೂಲಿ ಕೊಡಬೇಕಾದ್ದರಿಂದ ವಾರದ ಎಲ್ಲ ದಿನವೂ ಕೆಲಸ ಇರುವುದಿಲ್ಲ. ನಾನು ಒಪ್ಪಿದೆ.

ಮೊದಲ ದಿನ ಬಸ್ಸಿನವನು ವ್ಯಾನಿನಿಂದ ಹಗ್ಗ ಇಳಿಸದೆ ನನ್ನ ಎದುರು ಬಂದು ನಿಂತ. ನಾನು ಹೇಳಿದ್ದೆಲ್ಲವನ್ನೂ ಮಾಲೀಕ ಅವನಿಗೆ ತಿಳಿಸಿದ್ದ.

"ನಿನ್ನ ಕೆಲಸದ ದಿನಗಳನ್ನ ನನಗೆ ಯಾಕೆ ಕೊಟ್ಟೆ?" ಅವನು ಕಣ್ಣು ಕಿರಿದು ಮಾಡಿ ಕೇಳಿದ. "ಇದರಲ್ಲಿ ನಿನಗೇನು ಲಾಭ?"

"ನಾನು ಬದುಕಿರ್ತೀನಿ" ಅಂದೆ.

ಅವನಿಗೆ ಅದರಲ್ಲಿ ಮೋಸ ಕಾಣಲಿಲ್ಲವೆಂದು ತೋರುತ್ತದೆ, ತಲೆಯಾಡಿಸಿ ಕೈ ಕುಲುಕಿದ.