ಗಿಬ್ಬನ್ ಪಾಲಿನ ಗೆಣಸು

ಚಿಕ್ಕಬಳ್ಳಾಪುರದ ಆಚೆ, ಕಳ್ಳಸಾಗಣೆಯಿಂದ ಬಿಡಿಸಿ ತಂದ ವಾನರಗಳ ಆಶ್ರಯಧಾಮವೊಂದಕ್ಕೆ ತಂತಿಬಲೆಯ ಅಳತೆ ತೆಗೆಯಲು ಹೋಗಿದ್ದೆ. ಸೂಟ್‌ಕೇಸಿನಲ್ಲಿ ಸಿಕ್ಕಿದ್ದ ಗಿಬ್ಬನ್ ಮರಿಯೊಂದು ಅಲ್ಲೇ ಬೆಳೆದು ದೊಡ್ಡದಾಗಿತ್ತು. ಬಾಲವಿಲ್ಲ, ಕೈ ಮಾತ್ರ ಬಲು ಉದ್ದ. ಅದು ಮನುಷ್ಯರ ಹಂಬಲ ಬಿಟ್ಟು ಪಕ್ಕದ ಬೋನಿನ ಗಿಬ್ಬನ್ ಜೊತೆ ಹೊಂದಿಕೊಳ್ಳಲಿ ಎಂದು, ಅದರೊಡನೆ ಯಾರೂ ಮಾತಾಡಬಾರದೆಂಬ ನಿಯಮವಿತ್ತು.

ಅದಕ್ಕೆ ಊಟ ಕೊಡುತ್ತಿದ್ದವರು ಮೇಲೂರಿನ ಮುನಿಯಮ್ಮ, ನನಗಿಂತ ಹಿರಿಯರು. "ಇನ್ನೊಂದ್ಸಲ ಮಾತಾಡಿದ್ರೆ ನನ್ನನ್ನ ಅಡುಗೆಮನೆಗೆ ಹಾಕ್ತಾರಂತೆ. ಆಮೇಲೆ ಇದನ್ನ ನೋಡೋಕೂ ಆಗಲ್ಲ," ಎಂದು ಪಿಸುಗುಟ್ಟಿದರು.

ಬೇಯಿಸಿದ ಗೆಣಸಿನ ತಟ್ಟೆಯನ್ನು ಬಲೆಯ ಬಳಿ ಹಿಡಿದು ನಿಂತರು. ಗಿಬ್ಬನ್ ಬೆನ್ನು ತಿರುಗಿಸಿ ಕೂತಿತ್ತು. ಸ್ವಲ್ಪ ಹೊತ್ತು ಕಾದ ಮುನಿಯಮ್ಮನ ಬಾಯಿಂದ ತಾನಾಗಿ ಬಂತು: "ತಿನ್ನಪ್ಪಾ, ಬೆಳಗ್ಗೆಯಿಂದ ಹೊಟ್ಟೆಗೇನೂ ಇಲ್ಲ."

ನಮ್ಮ ಬೆನ್ನ ಹಿಂದೆ ಮೇಲ್ವಿಚಾರಕರು ಬಂದು ನಿಂತಿದ್ದರು. "ಯಾರಿಗಮ್ಮಾ ಹೇಳಿದ್ದು?"

"ಇವ್ರಿಗೆ ಸಾರ್," ಎಂದು ಮುನಿಯಮ್ಮ ತಟ್ಟೆಯನ್ನು ನನ್ನ ಕಡೆ ತಿರುಗಿಸಿದರು.

ನಮ್ಮ ಕಡೆ ಮಗುವನ್ನೂ 'ಅಪ್ಪಾ' ಎನ್ನುತ್ತಾರೆ, ನನ್ನಂಥವನನ್ನೂ 'ಅಪ್ಪಾ' ಎನ್ನುತ್ತಾರೆ. ಮೇಲ್ವಿಚಾರಕರು ಅದನ್ನು ಸುಳ್ಳೆನ್ನುವಂತಿರಲಿಲ್ಲ. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅವರು ನನ್ನನ್ನೇ ನೋಡುತ್ತಿದ್ದರು, ಹಾಗಾಗಿ ಇನ್ನೊಂದನ್ನೂ ಹಾಕಿಕೊಂಡೆ. ಅಷ್ಟರಲ್ಲಿ ಗಿಬ್ಬನ್ ಸರ್ರನೆ ತಿರುಗಿ, ಬಲೆಯ ಸಂದಿಯಿಂದ ಕೈ ಚಾಚಿ, ತಟ್ಟೆಯಲ್ಲಿ ಉಳಿದಿದ್ದನ್ನು ಬಾಚಿಕೊಂಡು ತಿನ್ನತೊಡಗಿತು.

"ನೋಡಿದ್ರಾ? ಮಾತಾಡಿಸದೆ ಬಿಟ್ರೆ ತಾನೇ ತಿನ್ನುತ್ತೆ," ಎಂದರು ಮೇಲ್ವಿಚಾರಕರು.

ಬಾಯಿತುಂಬ ಗೆಣಸಿತ್ತು. ಹೌದೆಂದು ತಲೆಯಾಡಿಸಿದೆ.