ಬ್ಯಾರನ್ ಮುಂದೆ ಕಟ್ಟಿದ ನಾಯಿ

ನಮ್ಮ ಭಾವನವರಿಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿ ಒಂದೂ ಇರಲಿಲ್ಲ. ಅವರು ನನ್ನ ಗಂಡನ ಅಣ್ಣ. ಹುಣಸೂರಿನಾಚೆ ಹೊಗೆಸೊಪ್ಪು ಬೆಳೆಯುವ ನಮ್ಮ ಕೂಡುಕುಟುಂಬದ ಯಜಮಾನರು. ಒಣಗಿದ ಸೊಪ್ಪಿನ ಒಂದೆಲೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಕಣ್ಣು ಮುಚ್ಚಿ, "ಇದ್ರಲ್ಲಿ ಇನ್ನೂ ತೇವ ಅದೆ" ಎಂದರೆ ಮುಗಿಯಿತು, ಆ ಎಲೆಯಲ್ಲಿ ತೇವ ಇರಲೇಬೇಕು. ಪಿರಿಯಾಪಟ್ಟಣದಿಂದೆಲ್ಲ ಜನ ಬಂದು ಆ ಬೆರಳುಗಳ ಸಲಹೆ ಕೇಳುತ್ತಿದ್ದರು. ತೊಂದರೆ ಏನೆಂದರೆ, ಬೆರಳಿನ ಜಾಣತನ ತಲೆಯವರೆಗೂ ಹಬ್ಬಿದೆಯೆಂದು ಅವರು ನಂಬಿದ್ದರು. ಮನೆಯವರೂ ನಂಬಿದ್ದರು. ನನ್ನ ಗಂಡನಂತೂ ಅಣ್ಣ ಬಾಯಿ ತೆರೆಯುವ ಮೊದಲೇ ತಲೆಯಾಡಿಸಲು ಶುರುಮಾಡುವ ಮನುಷ್ಯ.

ನಾಯಿಯನ್ನು ಆ ಮನೆಗೆ ತಂದವಳು ನಾನು. ನನ್ನ ತವರು ಕೆ.ಆರ್. ನಗರದ ಕಡೆಯ ಮಿರ್ಲೆ. ಅಲ್ಲಿಂದ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ ಕಂದು ಬಣ್ಣದ ಹೆಣ್ಣುಮರಿ. ದೊಡ್ಡದಾಗಿ ಮರಿ ಹಾಕಿದಾಗಲೆಲ್ಲ ಭಾವ ಆ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಎಲ್ಲೋ ಬಿಟ್ಟು ಬರುತ್ತಿದ್ದರು. ನೋಡಲಾರದೆ ಅದಕ್ಕೆ ಆಪರೇಶನ್ ಮಾಡಿಸಿದೆ. ಆವತ್ತು ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಭಾವನ ಹೆಂಡತಿ, ನನ್ನ ಓರಗಿತ್ತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. "ಹೆಣ್ಣು ಜೀವದ ಗರ್ಭ ತೆಗೆಸ್ಬುಟ್ಟಲ್ಲವ್ವ, ಇನ್ನು ಅದು ಯಾತಕ್ಕೂ ಬರಕಿಲ್ಲ" ಎಂದರು. ಅಕ್ಕನದೂ ಒಂದು ಮೂಢನಂಬಿಕೆ ಎಂದುಕೊಂಡೆ.

ಒಂದೆರಡು ವರ್ಷ ಏನೂ ಆಗಲಿಲ್ಲ. ಆಮೇಲೆ ನಾಯಿ ಮಲಗಿ ಎದ್ದ ಜಾಗವೆಲ್ಲ ಒದ್ದೆಯಾಗತೊಡಗಿತು. ಎಚ್ಚರವಿದ್ದಾಗ ಹಿತ್ತಲಿಗೆ ಹೋಗಿ ಅಚ್ಚುಕಟ್ಟಾಗಿ ಉಚ್ಚೆ ಹೊಯ್ದು ಬರುವ ಪ್ರಾಣಿ, ನಿದ್ದೆ ಹತ್ತಿದರೆ ಅದಕ್ಕೇ ತಿಳಿಯದಂತೆ ಸೋರುತ್ತಿತ್ತು. ಎದ್ದು ಗೋಣಿತಾಟನ್ನು ಮೂಸಿ, ಯಾರೋ ಬಂದು ಮಾಡಿಹೋದರು ಎಂಬಂತೆ ಸುತ್ತಲೂ ನೋಡುತ್ತಿತ್ತು. ಭಾವ ಮೊದಲಿಗೆ ಜಗುಲಿಯ ಶೀಟು ತೂತಾಗಿದೆ ಎಂದರು. ಎರಡು ವಾರದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆದರೂ ಯಜಮಾನರು ಹೇಳಿದ ಮೇಲೆ ಆಳುಗಳು ಹತ್ತಿ ಶೀಟು ಬದಲಾಯಿಸಿದರು. ಹೊಸ ಶೀಟಿನ ಕೆಳಗೂ ನಾಯಿ ಮಲಗಿದಷ್ಟು ಜಾಗ ಮಾತ್ರ ಒದ್ದೆಯಾಯಿತು.

ಆಗ ಎರಡನೆಯ ತೀರ್ಪು ಬಂತು. "ಅದಕ್ಕೆ ಶೀತ ಕಣವ್ವ. ಒಳಗೆ ತೇವ ನಿಂತ್ಬುಟ್ಟದೆ. ಕಾವು ಕೊಟ್ರೆ ಸರಿಹೋಯ್ತದೆ" ಎಂದರು ಭಾವ. ಹೊಗೆಸೊಪ್ಪಿನ ಮನೆಯಲ್ಲಿ ತೇವ ಎಂಬ ರೋಗಕ್ಕೆ ಇರುವುದು ಒಂದೇ ಮದ್ದು. ಸೊಪ್ಪು ಒಣಗಿಸುವ ಎತ್ತರದ ಕೋಣೆಗೆ ನಮ್ಮಲ್ಲಿ ಬ್ಯಾರನ್ ಎನ್ನುತ್ತಾರೆ. ಅದರ ಒಲೆ ಹೊರಗಿರುತ್ತದೆ, ಸುಗ್ಗಿಯಲ್ಲಿ ಹಗಲೂ ರಾತ್ರಿ ಸೌದೆ ಉರಿಯುತ್ತದೆ. ಆ ಒಲೆಯ ಬಾಯಿಗೆ ನೆಟ್ಟಗೆ ನಾಯಿಯನ್ನು ಕಟ್ಟಿಹಾಕಿದರು. ನೀರು ಕುಡಿದರೆ ತಾನೇ ಸೋರುವುದು ಎಂದು ನೀರಿನ ಬಟ್ಟಲನ್ನೂ ಎತ್ತಿಟ್ಟರು. ಓದಿದವರು, ಪೇಪರ್ ತರಿಸುವವರು, ಮೊಬೈಲಿನಲ್ಲಿ ಹವಾಮಾನ ನೋಡುವವರು ಒಂದು ಜೀವವನ್ನು ಸೊಪ್ಪಿನಂತೆ ಹದಮಾಡಲು ಹೊರಟಿದ್ದರು!

ನಾನು ಹೊಲದಿಂದ ಬಂದಾಗ ಅದು ನಾಲಿಗೆ ಚಾಚಿಕೊಂಡು, ಹಗ್ಗ ಎಳೆದಷ್ಟೂ ದೂರಕ್ಕೆ ಸರಿದು ಬಿದ್ದಿತ್ತು. ಕಣ್ಣು ಒಳಗೆ ಹೋಗಿತ್ತು. ಬಕೆಟ್ಟಿನಲ್ಲಿ ನೀರು ತಂದು ಇಟ್ಟೆ. ಅದು ಕುಡಿದ ರೀತಿ ನೋಡಿ ನನಗೆ ಮೈಯೆಲ್ಲ ಉರಿಯಿತು. "ನಿಮ್ಮನ್ನೂ ಇಲ್ಲಿ ಕಟ್ಟಿ ನೀರು ನಿಲ್ಲಿಸಿದ್ರೆ ಗೊತ್ತಾಗ್ತಿತ್ತು ಭಾವ" ಎಂದುಬಿಟ್ಟೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ನನ್ನ ಗಂಡ ಅಭ್ಯಾಸಬಲದಿಂದ ನನ್ನ ಮಾತಿಗೂ ತಲೆಯಾಡಿಸಿ, ಆಮೇಲೆ ಗಾಬರಿಯಾಗಿ ನಿಲ್ಲಿಸಿದರು.

ಮರುದಿನವೇ ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಹುಣಸೂರಿಗೆ ಹೋದೆ. ಅಲ್ಲಿ ಬರಿ ನಾಯಿ, ಬೆಕ್ಕು ನೋಡುವ ಒಬ್ಬ ಡಾಕ್ಟರಮ್ಮ ಇದ್ದರು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಯುವುದರಿಂದ ಕೆಲವು ಹೆಣ್ಣುನಾಯಿಗಳಲ್ಲಿ ಮೂತ್ರದ ದಾರಿಯನ್ನು ಬಿಗಿಹಿಡಿಯುವ ಸ್ನಾಯು ಸಡಿಲವಾಗುತ್ತದೆ, ಮೈ ಸಡಿಲಬಿಟ್ಟು ಮಲಗಿದಾಗ ಸೋರುತ್ತದೆ ಎಂದು ಬಿಡಿಸಿ ಹೇಳಿದರು. "ಇದು ಅದರ ತಪ್ಪಲ್ಲ, ಅದಕ್ಕೆ ಗೊತ್ತೇ ಆಗಲ್ಲ. ನೀರು ಮಾತ್ರ ಯಾವತ್ತೂ ನಿಲ್ಲಿಸಬೇಡಿ. ಮೊದಲು ಉಚ್ಚೆ ಪರೀಕ್ಷೆ ಮಾಡೋಣ, ಸೋಂಕು, ಸಕ್ಕರೆ ಕಾಯಿಲೆ ಏನೂ ಇಲ್ಲ ಅಂತ ಗೊತ್ತಾಗಲಿ" ಎಂದರು.

ನಾಯಿಯ ಬೆಳಗಿನ ಉಚ್ಚೆ ಹಿಡಿಯುವುದು ಹೇಗೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಾನು ಹಳೆಯ ಸಾರಿನ ಸೌಟು ಹಿಡಿದು ಹಿತ್ತಲಲ್ಲಿ ಅದರ ಹಿಂದೆ ಬಗ್ಗಿಕೊಂಡು ತಿರುಗಿದೆ. ನಾನು ಹತ್ತಿರ ಹೋದರೆ ಅದು ಮುಜುಗರದಿಂದ ಎದ್ದು ಮುಂದೆ ಹೋಗುತ್ತಿತ್ತು. ಬೇಲಿಯಾಚೆ ಪಕ್ಕದ ಮನೆಯ ಹೆಂಗಸರು ಹಲ್ಲುಜ್ಜುವುದು ಬಿಟ್ಟು ನಿಂತಿದ್ದರು. ಒಬ್ಬಳಂತೂ "ಯಾರಿಗವ್ವ ಔಷ್ದಿ?" ಎಂದು ಕೇಳಿದಳು. ನಿನ್ನ ಗಂಡನಿಗೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಸೋಂಕು ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಡಾಕ್ಟರಮ್ಮ ಹಾರ್ಮೋನ್ ಮಾತ್ರೆ ಬರೆದರು. ಮೊದಲು ದಿನಾ, ಸೋರುವುದು ನಿಂತ ಮೇಲೆ ಅವರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸುತ್ತ, ನಿಂತದ್ದು ನಿಂತಿರುವಷ್ಟು ಅಳತೆ ಕಂಡುಕೊಳ್ಳಬೇಕು. ಪೂರ್ತಿ ಬಿಡುವಂತಿಲ್ಲ, ಬಿಟ್ಟರೆ ಮತ್ತೆ ಶುರುವಾಗಬಹುದು ಎಂದು ಒತ್ತಿ ಹೇಳಿದರು. ಅದು ವಯಸ್ಸಾದ ಹೆಂಗಸರಿಗೂ ಕೊಡುವ ಮಾತ್ರೆಯಂತೆ. ಔಷಧಿ ಅಂಗಡಿಯವನು ಚೀಟಿ ನೋಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ದನಿ ತಗ್ಗಿಸಿ, "ನಿಮಗಾ ಮೇಡಂ?" ಎಂದ. ನಾಯಿಗೆ ಎಂದಾಗ ಇನ್ನೂ ವಿಚಿತ್ರವಾಗಿ ನೋಡಿದ.

ರಾಗಿಮುದ್ದೆಯ ಚೂರಿನೊಳಗೆ ಮಾತ್ರೆ ಇಟ್ಟು ಕೊಟ್ಟೆ. ಎರಡು ವಾರ ತುಂಬುವುದರೊಳಗೆ ಗೋಣಿತಾಟು ಒಣಗಿಯೇ ಇರತೊಡಗಿತು. ನನಗೆ ಆದ ಸಂತೋಷ ಹೇಳತೀರದು. ಅದಕ್ಕಿಂತ ಹೆಚ್ಚು ಸಂತೋಷಪಟ್ಟವರು ಭಾವ. ಎಚ್.ಡಿ. ಕೋಟೆಯ ನೆಂಟರಿಗೆ ಫೋನು ಮಾಡಿ, "ಬ್ಯಾರನ್ ಕಾವು ಕೊಟ್ಟೆ ನೋಡು, ಒಂದೇ ದಿನ. ಒಳಗಿನ ತೇವ ಎಲ್ಲ ಈಚ್ಗೆ ಬಂದೋಯ್ತು" ಎಂದು ವಿವರಿಸುತ್ತಿದ್ದರು. ಆ ನೆಂಟರ ಮನೆಯಲ್ಲಿ ಸೋರುವ ನಾಯಿ ಇಲ್ಲದೇ ಇದ್ದದ್ದು ಆ ಊರಿನ ನಾಯಿಗಳ ಪುಣ್ಯ.

ಅಷ್ಟರಲ್ಲಿ ನಮ್ಮಮ್ಮ ಜಾರಿಬಿದ್ದು ನಾನು ಮಿರ್ಲೆಗೆ ಹೋಗಬೇಕಾಯಿತು. ಮಾತ್ರೆ ಕೊಡುವ ಕೆಲಸವನ್ನು ಗಂಡನಿಗೆ ಒಪ್ಪಿಸಿದೆ. ಅವರು ತಲೆಯಾಡಿಸಿದರು. ನಾನು ಬಸ್ ಹತ್ತಿದ ಮೇಲೆ ಭಾವ, "ವಾಸಿಯಾದ ಮ್ಯಾಲೆ ಯಾತರ ಮಾತ್ರೆಲಾ, ಬುಡು" ಎಂದರಂತೆ. ಅದಕ್ಕೂ ಇವರು ತಲೆಯಾಡಿಸಿದರು. ನಾನು ವಾಪಸು ಬರುವಷ್ಟರಲ್ಲಿ ನಾಯಿ ಮತ್ತೆ ಸೋರಿತ್ತು, ಅದೂ ಹರಾಜಿಗೆಂದು ವಿಂಗಡಿಸಿಟ್ಟ ಒಳ್ಳೆಯ ಸೊಪ್ಪಿನ ರಾಶಿಯ ಮೇಲೆ. ಭಾವ ಅದನ್ನು ಪಿಕಪ್ ಗಾಡಿಯ ಹಿಂಭಾಗಕ್ಕೆ ಹತ್ತಿಸಿ ಕಟ್ಟಿಹಾಕಿದ್ದರು. ವೀರನಹೊಸಹಳ್ಳಿಯ ಆಚೆ ಕಾಡಿನಂಚಿಗೆ ಬಿಟ್ಟು ಬರುವುದೆಂದು ತೀರ್ಮಾನವಾಗಿತ್ತು. ಅಲ್ಲಿ ಬಿಟ್ಟ ನಾಯಿಯನ್ನು ಚಿರತೆ ಏನು ಮಾಡುತ್ತದೆಂದು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ನಾನು ಅತ್ತೆ, ಬೈದೆ, ಗಾಡಿಯ ಬಾಗಿಲು ಹಿಡಿದು ನಿಂತೆ. "ಗರ್ಭ ಇಲ್ಲ, ಮರಿ ಇಲ್ಲ, ಸೋರ್ಕಂಡು ಬಿದ್ದಿರೋದ ಯಾಕವ್ವ ಮಡಿಕ್ಕಳದು? ಮನೆಯೆಲ್ಲ ನಾತ" ಎಂದು ಭಾವ ಕೀಲಿಕೈ ತಿರುಗಿಸಿದರು.

ಅಕ್ಕ ಒಳಗಿನಿಂದ ಬಂದದ್ದನ್ನು ನಾನು ನೋಡಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಮುಂದೆ ನಿಂತರು. ನಾತದ ಮಾತು ಬಂದಾಗಲೆಲ್ಲ ಎಲ್ಲರಿಗಿಂತ ಮೊದಲು ಮೂಗು ಮುಚ್ಚುತ್ತಿದ್ದವರು ಅವರೇ. ನಾಯಿಯನ್ನು ಬೇಗ ಕಳಿಸಿ ಎನ್ನುತ್ತಾರೆ ಎಂದುಕೊಂಡೆ.

"ನಂಗೂ ಗರ್ಭ ಇಲ್ಲ, ಆಪ್ರೇಸನ್ ಮಾಡಿ ತೆಗ್ದವ್ರಲ್ಲ" ಎಂದರು. "ನಂಗೂ ಹಂಗೇ ಆಯ್ತದೆ. ಕೆಮ್ಮಿದ್ರೆ ಆಯ್ತದೆ, ಕೊಡ ಎತ್ತಿದ್ರೆ ಆಯ್ತದೆ. ಮದ್ವೆಮನೆಗೆ ಹೋಗ್ಬೇಕಾದ್ರೆ ಹಿಂದ್ಲು ದಿನದಿಂದ ನೀರು ಮುಟ್ಟಲ್ಲ. ಹತ್ತು ಅನ್ನಿ, ನಾನೂ ಹತ್ಕತ್ತೀನಿ. ಇಬ್ರುನೂವೆ ಕಾಡ್ನಲ್ಲಿ ಬುಟ್ಟು ಬನ್ನಿ."

ಇಂಜಿನ್ ಆಫ್ ಆಯಿತು. ನನ್ನ ಗಂಡ ಚಪ್ಪಲಿ ನೋಡುತ್ತ ನಿಂತರು. ಅಕ್ಕನೇ ಹಿಂದಕ್ಕೆ ಬಂದು, ನಾಯಿಯ ಹಗ್ಗ ಬಿಚ್ಚಿ ಕೆಳಗಿಳಿಸಿದರು. ನನ್ನ ಕಡೆ ತಿರುಗಿ, "ಒಂದು ಚೊಂಬು ನೀರು ತಕ್ಕಬಾವ್ವ" ಎಂದರು. ತಂದುಕೊಟ್ಟೆ. ಅಂಗಳದಲ್ಲೇ ನಿಂತು, ಗಂಡಸರ ಎದುರಿಗೇ, ಚೊಂಬು ಎತ್ತಿ ಪೂರ್ತಿ ಕುಡಿದರು.

ಭಾವ ಗಾಡಿಯಿಂದ ಇಳಿದು ಬಂದರು. ಅಷ್ಟು ಸಣ್ಣ ದನಿ ಅವರಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಯಾವಾಗಿಂದಮ್ಮಿ?" ಎಂದು ಕೇಳಿದರು.

"ನಮ್ಮ ಮಗ್ಳು ಇಸ್ಕೂಲಿಗೆ ಸೇರ್ದಾಗಿಂದ್ಲೂವೆ" ಎಂದರು ಅಕ್ಕ.

ಆ ಮಗಳಿಗೆ ಈಗ ಮದುವೆಯಾಗಿ ಎರಡು ಮಕ್ಕಳು.