ಘಾಟಿ ರಸ್ತೆಗೆ ಬಯಲಿನ ಲೆಕ್ಕ

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಗಮ್‌ಬೂಟು, ಮೈಮೇಲೆ ತೀರಿಹೋದ ಗಂಡನ ಖಾಕಿ ಸ್ವೆಟರು. ಹೀಗೆ ಅವರು ಜೀಪಿನಿಂದ ಧುಮುಕುತ್ತಿದ್ದರು. ಇಳಿಯುವುದು ಅಂತ ಒಂದಿದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಸಕಲೇಶಪುರದಲ್ಲಿ ಕಾಫಿ ಯಂತ್ರಗಳ ಬಿಡಿಭಾಗ ಮಾಡುವ ವರ್ಕ್‌ಶಾಪು ಅವರದು. ನಾವು ಕೆಲಸದವರೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು.

ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಜನ್ಮ ಜಾಲಾಡಿದವರೇ ಮಧ್ಯಾಹ್ನ ಅಕ್ಕಿರೊಟ್ಟಿ ಹಿಡಿದು ಎದುರಿಗೆ ನಿಲ್ಲುತ್ತಿದ್ದರು. ಬೇಡ ಅಂದರೆ ಅದಕ್ಕೂ ಬೈಗುಳ.

ತೊಂಬತ್ತರ ದಶಕದ ಕೊನೆಗೆ ಅವರು ಹಳೆಯದೊಂದು ಸಿಎನ್‌ಸಿ ಯಂತ್ರ ತರಿಸಿದರು. ಕಂಪ್ಯೂಟರು ಹೇಳಿದಂತೆ ತಾನೇ ಕಬ್ಬಿಣ ಕೆತ್ತುವ ಯಂತ್ರ. ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅದು ಮೊದಲೇ ಸ್ಕ್ರೀನಿನಲ್ಲಿ ತೋರಿಸುತ್ತಿತ್ತು. ಅಮ್ಮಾವ್ರಿಗೆ ಅದು ದೇವರ ಮಾತು. ಅದು ಒಂದು ಗಂಟೆ ಅಂದರೆ ಇವರೂ ಗಿರಾಕಿಗೆ ಒಂದು ಗಂಟೆ ಅಂತಲೇ ಮಾತು ಕೊಡುತ್ತಿದ್ದರು. ಕೆಲಸವೋ, ಅದರ ದುಪ್ಪಟ್ಟು ಎಳೆಯುತ್ತಿತ್ತು. ನನಗಿಂತ ಮೊದಲು ಆ ಯಂತ್ರ ನಡೆಸುತ್ತಿದ್ದ ಆಲೂರಿನವನನ್ನು, ಬೇಕಂತಲೇ ನಿಧಾನ ಮಾಡುವ ಮೈಗಳ್ಳ ಎಂದು ಮನೆಗೆ ಕಳಿಸಿದ್ದರು. ಅವನ ಜಾಗಕ್ಕೆ ನಾನು ಬಂದೆ. ಯಂತ್ರ ನನ್ನ ಕೈಯಲ್ಲೂ ಅದೇ ಆಟ ಹೂಡಿತು. ನಾನೇ ಏನಾದರೂ ತಪ್ಪು ಒತ್ತುತ್ತಿದ್ದೇನಾ ಎಂದು ತಲೆ ಕೆಡಿಸಿಕೊಂಡೆ. ಮುಂದಿನ ಸರದಿ ನನ್ನದೇ ಎಂಬ ಅಳುಕು ಬೇರೆ.

ಕಾಫಿ ಕುಯ್ಲಿನ ಒಂದು ಬೆಳಿಗ್ಗೆ ಹೊಂಗಡಹಳ್ಳದ ಗೌಡರೊಬ್ಬರು ಎದ್ದುಬಿದ್ದು ಬಂದರು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಡಿಸ್ಕು ಒಡೆದಿತ್ತು. ಕುಯ್ದ ಹಣ್ಣು ಸ್ಟೋರಿನ ಮುಂದೆ ರಾಶಿ ಬಿದ್ದಿದೆ, ಇವತ್ತೇ ಸಿಪ್ಪೆ ಬಿಡಿಸದಿದ್ದರೆ ಹುಳಿ ಬಂದು ಹಾಳು. ಡಿಸ್ಕಿನ ಮೈತುಂಬ ಕಾಳಿನಂಥ ಉಬ್ಬುಗಳು. ಯಂತ್ರ ಒಂದೊಂದನ್ನೂ ಸುತ್ತಿ ಸುತ್ತಿ ಕೆತ್ತಬೇಕು.

ಅಮ್ಮಾವ್ರು ಸ್ಕ್ರೀನು ನೋಡಿ, "ಕಾಫಿ ಕುಡ್ಕಂಡ್ ಬನ್ನಿ ಗೌಡ್ರೇ, ಅಷ್ಟ್ರಲ್ಲಿ ಆಗೋಗಿರ್ತೈತೆ" ಎಂದರು.

ಗೌಡರು ಕಾಫಿ ಕುಡಿದು ಬಂದರು. ತಿಂಡಿ ತಿಂದು ಬಂದರು. ಪೇಟೆ ಸುತ್ತಿ ಬಂದರು. ಡಿಸ್ಕು ಅರ್ಧವೂ ಆಗಿರಲಿಲ್ಲ.

"ಏನ್ಲಾ, ನೀನೂ ಅವನಂಗೇ ಶುರು ಹಚ್ಕಂಡ್ಯಾ?" ಅಮ್ಮಾವ್ರು ಗುಡುಗಿದರು.

ನನಗೂ ರೇಗಿತು. "ಗುಂಡಿ ಒತ್ತಿದ್ ಮ್ಯಾಲೆ ನಾನು ಕೈ ಇಟ್ಟಿದ್ರೆ ಕೇಳಿ. ಬೇಕಾದ್ರೆ ನೀವೇ ಕೂತ್ಕಂಡ್ ನೋಡಿ ಅಮ್ಮಾವ್ರೇ!"

ಮಾತು ಬಾಯಿಂದ ಬಿದ್ದ ಮೇಲೆ, ಕೆಲಸ ಹೋಯಿತು ಅಂದುಕೊಂಡೆ.

ಪುಣ್ಯಾತ್ಗಿತ್ತಿ ನಿಜವಾಗಿಯೂ ಕೂತರು. ಸ್ಟೂಲು ಎಳೆದುಕೊಂಡು, ಯಂತ್ರದ ಗಾಜಿಗೆ ಮೂಗು ತಾಗಿಸಿ. ಗೌಡರು ಕೆಮ್ಮಿದರೂ ತಿರುಗಲಿಲ್ಲ. ನಾನು ಕೈಕಟ್ಟಿ ನಿಂತೆ. ಬಹಳ ಹೊತ್ತಿನ ಮೇಲೆ ತೊಡೆ ತಟ್ಟಿಕೊಂಡು ನಕ್ಕರು.

"ಅಯ್ಯೋ ಮಾರಾಯ! ತಿರುವು ಬಂದಾಗೆಲ್ಲ ಇದು ನಿಧಾನ ಆಗಿ, ಆಮ್ಯಾಲೆ ಓಡ್ತೈತಲ್ಲೋ. ಬಿಸಿಲೆ ಘಾಟೀಲಿ ನನ್ ಜೀಪು ಹೋಗೋದೂ ಹಿಂಗೇಯಾ. ಈ ಸ್ಕ್ರೀನ್ ಮುಂಡೇದು ನೆಟ್ಟಗಿರೋ ಹಾಸನದ್ ರೋಡಿನ್ ಲೆಕ್ಕ ಹಾಕ್ಕಂಡ್ ಕೂತೈತೆ!"

ಅಷ್ಟೇ ವಿಷಯ. ಕಟರ್ ಸಾಗಬೇಕಾದ ದೂರವನ್ನು ನಾವು ಕೊಟ್ಟ ವೇಗದಿಂದ ಭಾಗಿಸಿ ಸಾಫ್ಟ್‌ವೇರು ಸಮಯ ತೋರಿಸುತ್ತಿತ್ತು. ತಿರುವಿನಲ್ಲಿ ವೇಗ ಇಳಿದು ಮತ್ತೆ ಏರುವುದು ಅದರ ಲೆಕ್ಕದಲ್ಲೇ ಇರಲಿಲ್ಲ. ಅಬ್ಬಾ, ತಪ್ಪು ನನ್ನದಲ್ಲ! ಅವತ್ತು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಮಧ್ಯಾಹ್ನ ಡಿಸ್ಕು ಮುಗಿಯಿತು. ಗೌಡರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮಾವ್ರೇ ಜೀಪು ಓಡಿಸಿದರು. ಹಿಂದೆ ಡಿಸ್ಕನ್ನು ತಬ್ಬಿಕೊಂಡು ನಾನು. ಹೊತ್ತು ಮುಳುಗುವ ಮೊದಲೇ ಪಲ್ಪರ್ ತಿರುಗಿತು, ಹಣ್ಣು ಉಳಿಯಿತು. ಗೌಡರು ಒಂದು ಬುಟ್ಟಿ ಕಿತ್ತಳೆ ತಂದರು. ಅದ್ಯಾಕೆ ಎಂದು ಅಮ್ಮಾವ್ರು ಬೈದು, ಆಮೇಲೆ ಜೀಪಿಗೆ ಹಾಕಿಸಿಕೊಂಡರು.

ವಾಪಸು ಬರುವಾಗ ಸಕಲೇಶಪುರ ಬಂದರೂ ವರ್ಕ್‌ಶಾಪಿನ ಕಡೆ ತಿರುಗಿಸದೆ ಆಲೂರಿನ ದಾರಿ ಹಿಡಿದರು. ಎಲ್ಲಿಗೆ ಅಂದೆ.

"ಆ ಹುಡುಗನ್ ಮನೆಗೆ. ತಪ್ಪು ಮಾಡ್ಬುಟ್ಟಿದೀನಿ ಕಣೋ. ನಾಳೆಗಂತ ಬಿಟ್ರೆ ನನ್ ಬಿಂಕ ಮತ್ತೆ ಬಂದ್ಬುಡ್ತೈತೆ."

ಒಂದು ಯಂತ್ರಕ್ಕೆ ಇಬ್ಬರು ಯಾಕೆ ಎಂದು ನನಗೆ ಮತ್ತೆ ಕೆಲಸದ ಚಿಂತೆ. ಅದು ಅವರಿಗೆ ಹೇಗೆ ತಿಳಿಯಿತೋ, "ಇಬ್ರೂ ಇರ್ತೀರ, ಬಾಯ್ಮುಚ್ಕಂಡ್ ಕೂತ್ಕ" ಎಂದರು. ನಾನು ಬಾಯಿ ತೆರೆದೇ ಇರಲಿಲ್ಲ!

ಅವನ ಮನೆಯ ಅಂಗಳದಲ್ಲಿ ನಿಂತು, ಅವನ ತಾಯಿಗೆ ಹೇಳಿದರು: "ನಿನ್ ಮಗ ಮೈಗಳ್ಳ ಅಲ್ಲ ಕಣವ್ವಾ. ನಾನೇ ಸರ್ಯಾಗ್ ನೋಡ್ದಲೇ ಮಾತಾಡ್ಬುಟ್ಟೆ. ನಾಳೆಯಿಂದ ಕಳ್ಸು."

ಆ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಾಫಿಗೆ ನೀರಿಡಲು ಒಳಗೆ ಹೋದರು. ಅವನು ಜೀಪಿನಿಂದ ಕಿತ್ತಳೆ ಬುಟ್ಟಿ ಇಳಿಸಿದ. ಆಮೇಲೆ ಅವನೂ ನಾನೂ ವರ್ಷಗಟ್ಟಲೆ ಜೊತೆಯಲ್ಲಿ ದುಡಿದೆವು. ಗಿರಾಕಿಗೆ ಮಾತು ಕೊಡುವ ಮುಂಚೆ ಅಮ್ಮಾವ್ರು ನಮ್ಮ ಕಡೆ ತಿರುಗಿ, "ಘಾಟಿ ಲೆಕ್ಕದಲ್ಲಿ ಎಷ್ಟ್ ಹೊತ್ತಾಯ್ತದ್ರೋ?" ಎಂದು ಕೇಳುವುದು ರೂಢಿಯಾಯಿತು.

ಅಮ್ಮಾವ್ರು ಹೋಗಿ ಬಹಳ ವರ್ಷವಾಯಿತು. ಅವರ ಸ್ಟೂಲು ಈಗ ನನ್ನ ವರ್ಕ್‌ಶಾಪಿನಲ್ಲಿದೆ. ಯಾರದಾದರೂ ಕೆಲಸ ತಡವಾದರೆ ನಾಲಗೆ ತುದಿಗೆ ಬೈಗುಳ ಬಂದೇ ಬರುತ್ತದೆ, ಅವರ ಕೈಕೆಳಗೆ ಇದ್ದವನಲ್ಲವೇ! ಆದರೆ ಮೊದಲು ಆ ಸ್ಟೂಲು ಎಳೆದುಕೊಂಡು ಕೂತು ನೋಡುತ್ತೇನೆ. ಹಾಗೆ ಕೂತು ಎದ್ದ ಮೇಲೆ ಇವತ್ತಿನವರೆಗೆ ಯಾರನ್ನೂ ಮನೆಗೆ ಕಳಿಸಿಲ್ಲ.